ಹಳೆಯ ಮರದ ತುಂಡಿನಿಂದ ಗಟ್ಟಿ ಕೊಡತಿ

ಕೊಡತಿ ಎಂದರೆ ಮರದ ಸುತ್ತಿಗೆ. ಉಳಿಯ ಹಿಡಿಗೆ ಪೆಟ್ಟು ಕೊಡಲು, ಜೋಡಿಸಿದ ಮರದ ಭಾಗಗಳನ್ನು ಬಿಗಿಯಾಗಿ ಕೂರಿಸಲು, ಕೂತದ್ದನ್ನು ಗಾಯವಾಗದಂತೆ ಬಿಡಿಸಲು ಬಡಗಿಗಳು ಬಳಸುವ ಉಪಕರಣವಿದು. ಹೊಲದಲ್ಲಿ ಹೆಂಟೆ ಒಡೆಯುವ ಉದ್ದ ಕಾವಿನ ಸಾಧನಕ್ಕೂ ಕೊಡತಿಯೆಂಬ ಹೆಸರುಂಟು. ಗಂಧದ ಕೆತ್ತನೆಗೆ ಹೆಸರಾದ ಸಾಗರ, ಸೊರಬದ ಗುಡಿಗಾರರಂತಹ ಕುಶಲಕರ್ಮಿಗಳ ಕೆಲಸದಲ್ಲಿ ಬೇಕಾಗುವುದು ಕೈಗೆ ಹಗುರಾದ, ಸಣ್ಣ ಪೆಟ್ಟಿನ ಕೊಡತಿ. ಆಕಾರ ಬೇರೆಯಾದರೂ ತತ್ವ ಒಂದೇ: ಭಾರವಿರುವ ಮರದ ತಲೆ, ಅದನ್ನು ಬೀಸಲು ಮುರಿಯದ ಕಾವು.

ಕಬ್ಬಿಣದ ಸುತ್ತಿಗೆಯಿಂದ ಉಳಿಗೆ ಹೊಡೆದರೆ ಬಲವೆಲ್ಲ ಚಿಕ್ಕ ಜಾಗದಲ್ಲಿ, ಒಂದೇ ಕ್ಷಣದಲ್ಲಿ ಇಳಿಯುತ್ತದೆ. ಮರದ ಹಿಡಿ ಕೆಲವೇ ದಿನಗಳಲ್ಲಿ ತಲೆಯೊಡೆದು ಪೊರಕೆಯಂತೆ ಹರಡಿಕೊಳ್ಳುತ್ತದೆ. ಕೊಡತಿಯ ಮುಖ ಅಗಲ. ಅದು ಪೆಟ್ಟಿನಲ್ಲಿ ಕೂದಲೆಳೆಯಷ್ಟು ಕುಗ್ಗಿ ಬಲವನ್ನು ಹಂಚುತ್ತದೆ. ಹಾಗಾಗಿ ಉಳಿಯ ಹಿಡಿ ಉಳಿಯುತ್ತದೆ, ಮಣಿಕಟ್ಟಿಗೆ ಬರುವ ಅದುರು ಕಡಿಮೆಯಾಗುತ್ತದೆ, ಗುರಿ ಸ್ವಲ್ಪ ತಪ್ಪಿದರೂ ಪೆಟ್ಟು ಉಳಿಯ ಮೇಲೇ ಬೀಳುತ್ತದೆ. ಉಳಿ, ಕೊಡತಿ ಎರಡರಲ್ಲಿ ಸವೆಯಬೇಕಾದದ್ದು ಕೊಡತಿಯೇ. ಸವೆದದ್ದನ್ನು ಮನೆಯಲ್ಲೇ ಮತ್ತೆ ಮಾಡಿಕೊಳ್ಳಬಹುದು ಎಂಬುದರಲ್ಲಿ ಈ ಉಪಕರಣದ ಹಿರಿಮೆಯಿದೆ.

ಹಳೆಯ ಮರವೇ ಏಕೆ

ಕೊಡತಿ ಬೇಡುವುದು ಬಹಳ ಸ್ವಲ್ಪ. ತಲೆಗೆ ಆರು ಇಂಚಿನ ಒಂದು ದಪ್ಪ ತುಂಡು, ಕಾವಿಗೆ ಒಂದಡಿಗಿಂತ ತುಸು ಉದ್ದದ ಒಂದು ಪಟ್ಟಿ. ಬಾಗಿಲಿಗೂ ಮೇಜಿಗೂ ಸಾಲದೆ ಬಡಗಿಯ ಮೂಲೆಯಲ್ಲಿ ಬಿದ್ದಿರುವ, ಕೊನೆಗೆ ಬಚ್ಚಲೊಲೆ ಸೇರುವ ತುಂಡು ಇದಕ್ಕೆ ಧಾರಾಳವಾಗಿ ಸಾಕು. ಬಣ್ಣ ಮಾಸಿದ್ದರೆ, ಮೇಲ್ಮೈಯಲ್ಲಿ ಮೊಳೆಯ ಕಲೆಯಿದ್ದರೆ ಕೆಲಸಕ್ಕೆ ಅಡ್ಡಿಯಿಲ್ಲ.

ಅದಕ್ಕಿಂತ ಮುಖ್ಯವಾದ ಕಾರಣ ಒಣಗು. ಹಸಿ ಮರ ನೀರು ಬಿಟ್ಟಂತೆಲ್ಲ ಕುಗ್ಗುತ್ತದೆ, ತಿರುಚುತ್ತದೆ, ತುದಿಯಲ್ಲಿ ಸೀಳುತ್ತದೆ. ಹಸಿ ಮರದಲ್ಲಿ ತೂತು ಹೊಡೆದು ಕಾವು ಕೂರಿಸಿದರೆ ಕೆಲವು ತಿಂಗಳಲ್ಲಿ ತಲೆ ಅಲ್ಲಾಡತೊಡಗುತ್ತದೆ. ದಪ್ಪ ಹಲಗೆ ಗಾಳಿಯಲ್ಲಿ ಒಣಗಲು ಇಂಚಿಗೆ ಸುಮಾರು ಒಂದು ವರ್ಷ ಬೇಕೆಂಬುದು ಮರಗೆಲಸದ ಹಳೆಯ ಅಂದಾಜು. ಐವತ್ತು ವರ್ಷ ಹೆಂಚಿನ ಮಾಡನ್ನು ಹೊತ್ತ ತೊಲೆ ಕುಗ್ಗುವಷ್ಟು ಕುಗ್ಗಿ, ಸೀಳುವಲ್ಲಿ ಸೀಳಿ ಸುಮ್ಮನಾಗಿರುತ್ತದೆ. ಅದರ ದೋಷಗಳೆಲ್ಲ ಆಗಲೇ ಹೊರಗೆ ಕಾಣುವಂತಿರುವುದರಿಂದ ಅವನ್ನು ಬಿಟ್ಟು ಗಟ್ಟಿ ಭಾಗವನ್ನಷ್ಟೇ ಆರಿಸಿಕೊಳ್ಳುವುದು ಸುಲಭ.

ಮರ ಸಿಗುವ ಜಾಗಗಳು

ಕೆಡವಿದ ಹೆಂಚಿನ ಮನೆಗಳ ತೊಲೆ, ಜಂತೆ, ರೀಪು, ಬಾಗಿಲುವಾಡ, ಹೊಸ್ತಿಲುಗಳು ಮೊದಲ ಆಕರ. ಹಳೆಯ ಮರವನ್ನು ತೂಕಕ್ಕೋ ಅಡಿಲೆಕ್ಕಕ್ಕೋ ಮಾರುವ ಅಂಗಡಿಗಳು ಎಲ್ಲ ದೊಡ್ಡ ಊರುಗಳಲ್ಲೂ ಇವೆ. ಅಲ್ಲಿ ಉದ್ದ ತೊಲೆಗೆ ಬೆಲೆ ಹೆಚ್ಚು; ತುಂಡುಗಳ ರಾಶಿಯಲ್ಲಿ ಕೊಡತಿಗೆ ಬೇಕಾದದ್ದು ಕಡಿಮೆ ಬೆಲೆಗೆ ಸಿಗುತ್ತದೆ. ಹಳ್ಳಿಗಳಲ್ಲಿ ಮೂಲೆ ಸೇರಿದ ಎತ್ತಿನ ಗಾಡಿ, ನೊಗ, ನೇಗಿಲು, ಒನಕೆಗಳು ಇನ್ನೂ ಒಳ್ಳೆಯವು: ಪೆಟ್ಟು ತಿನ್ನುವ ಕೆಲಸಕ್ಕೆಂದೇ ಆರಿಸಿದ ಮರ ಅವುಗಳಲ್ಲಿರುತ್ತದೆ. ಗಾಡಿ ಚಕ್ರದ ಅರಗಳು ನೇರ ಎಳೆಯವಾದ್ದರಿಂದ ಕಾವಿಗೆ ಹೇಳಿ ಮಾಡಿಸಿದಂತಿರುತ್ತವೆ. ಮುರಿದ ಮಂಚದ ಕಾಲು, ಮೇಜಿನ ಕಾಲುಗಳೂ ಆಗುತ್ತವೆ. ಮರ ಕೊಯ್ಯುವ ಮಿಲ್ಲಿನ ಅಂಚುತುಂಡು, ಮಳೆಗಾಳಿಗೆ ಬಿದ್ದ ಹಿತ್ತಲಿನ ಹುಣಸೆ, ಸೀಬೆ ಮರದ ಕೊಂಬೆ, ಕಾಫಿ ತೋಟದಲ್ಲಿ ಕಿತ್ತ ಹಳೆಯ ಗಿಡದ ಬುಡ ಇವೂ ಉಪಯುಕ್ತವೇ. ಆದರೆ ಇವು ಹಸಿಯಾಗಿರುವುದರಿಂದ ಒಣಗಿಸಲು ಕಾಯಬೇಕು.

ರಸ್ತೆ ಬದಿಯಲ್ಲಿ ಬಿದ್ದ ಮರ ಸಾರ್ವಜನಿಕ ಆಸ್ತಿ. ಅನುಮತಿಯಿಲ್ಲದೆ ಅದರ ಕೊಂಬೆಯನ್ನೂ ಕೊಯ್ದುಕೊಂಡು ಬರುವಂತಿಲ್ಲ. ಮರ ಕಡಿಯುವುದನ್ನು ನಿಯಂತ್ರಿಸುವ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಖಾಸಗಿ ಜಮೀನಿಗೂ ಅನ್ವಯಿಸುತ್ತದೆ. ಬೀಟೆ, ಗಂಧದಂತಹ ಮರದ ತುಂಡು ಎಲ್ಲಿಂದ ಬಂತೆಂಬುದು ತಿಳಿಯದಿದ್ದರೆ ಅದನ್ನು ಮುಟ್ಟದಿರುವುದೇ ಲೇಸು.

ಸರಕು ಸಾಗಿಸುವ ಪ್ಯಾಲೆಟ್‌ ಮತ್ತು ಪೆಟ್ಟಿಗೆಗಳ ಮರವೂ ಅಗ್ಗವಾಗಿ ಸಿಗುತ್ತದೆ. ಹೊರದೇಶಗಳಿಗೆ ಓಡಾಡುವ ಪ್ಯಾಲೆಟ್‌ಗಳ ಮೇಲೆ ಐಎಸ್‌ಪಿಎಂ 15 ಎಂಬ ಅಂತರರಾಷ್ಟ್ರೀಯ ನಿಯಮದ ಮುದ್ರೆಯಿರುತ್ತದೆ. ಅದರಲ್ಲಿ ‘ಎಚ್‌ಟಿ’ ಎಂದಿದ್ದರೆ ಮರದ ಒಳತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 30 ನಿಮಿಷ ಇರುವಂತೆ ಕಾಯಿಸಿದ್ದಾರೆ ಎಂದರ್ಥ. ಇದು ಬಳಕೆಗೆ ಯೋಗ್ಯ. ‘ಎಂಬಿ’ ಎಂದಿದ್ದರೆ ಮೀಥೈಲ್‌ ಬ್ರೋಮೈಡ್‌ ಎಂಬ ವಿಷಾನಿಲ ಹಾಯಿಸಿರುತ್ತಾರೆ. ಅಂಥ ಮರವನ್ನು ಮನೆಗೆ ತರಬಾರದು. ಎಣ್ಣೆ, ರಾಸಾಯನಿಕ ಚೆಲ್ಲಿದ ಕಲೆಯಿರುವ ಪ್ಯಾಲೆಟ್‌ ಕೂಡ ಬೇಡ.

ಯಾವ ಮರ ಒಳ್ಳೆಯದು

ಕೊಡತಿಯ ತಲೆಗೆ ಎರಡು ಗುಣ ಬೇಕು: ತೂಕ ಮತ್ತು ಸೀಳದ ಗಟ್ಟಿತನ. ಈ ಎರಡರಲ್ಲೂ ಹುಣಸೆಯದು ಎತ್ತಿದ ಕೈ. ಅದರ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಕೊಡಲಿಗೂ ಸುಲಭವಾಗಿ ಸೀಳುವುದಿಲ್ಲ. ಸೌದೆ ಒಡೆಯುವವರಿಗೆ ತಲೆನೋವಾದ ಈ ಗುಣವೇ ಕೊಡತಿಗೆ ವರ. ಮಾಂಸದಂಗಡಿಯ ಕೊಚ್ಚುಮಣೆಗೆ ಹುಣಸೆಯ ಕೊರಡನ್ನೇ ಬಯಸುವುದೂ ಇದೇ ಕಾರಣಕ್ಕೆ.

ಕರಿಜಾಲಿ ಗಾಡಿ, ನೇಗಿಲು, ಉಪಕರಣಗಳ ಕಾವಿಗೆ ಬಯಲುಸೀಮೆ ನೆಚ್ಚಿಕೊಂಡ ಮರ. ಅದು ತಲೆಗೂ ಕಾವಿಗೂ ಸಲ್ಲುತ್ತದೆ. ಮಲೆನಾಡು, ಕರಾವಳಿಯ ಹಳೆಯ ಮನೆಗಳಲ್ಲಿ ಸಿಗುವ ಮತ್ತಿ, ಜಂಬೆ, ಹೊನ್ನೆಯ ತೊಲೆಗಳೂ ತಲೆಗೆ ಯೋಗ್ಯ. ನೇರಳೆ, ಬೇವು ಮಧ್ಯಮ ದರ್ಜೆಯವು. ಕಾವಿಗೆ ದಿಂಡಿಗ ಬಹಳ ಹಿಂದಿನಿಂದಲೂ ಹೆಸರಾದದ್ದು: ಬಾಗಿದರೂ ಮುರಿಯದ ಗುಣ ಅದಕ್ಕಿದೆ. ಸಣ್ಣ ಕೊಡತಿಗೆ ಸೀಬೆಯ ಕೊಂಬೆಯೂ ಚೆನ್ನಾಗಿ ಬಾಳುತ್ತದೆ.

ತೇಗ ಎಲ್ಲೆಡೆ ಸಿಗುತ್ತದೆ, ಕೆಲಸಕ್ಕೆ ಹದವಾಗಿದೆ, ಹವೆ ಬದಲಾದರೂ ಹೆಚ್ಚು ಕುಗ್ಗಿ ಹಿಗ್ಗುವುದಿಲ್ಲ. ಆದರೆ ಅದರ ತೂಕ ಕಡಿಮೆ. ಎಳೆಯ ಗುಂಟ ಬೇಗ ಸೀಳುತ್ತದೆ. ಹಗುರ ಕೆಲಸದ ಕೊಡತಿಗೆ ತೇಗ ಸಾಕು. ಮಾವು, ಹಲಸು, ಸಿಲ್ವರ್‌ ಓಕ್‌ ಕೂಡ ಇದೇ ಸಾಲಿಗೆ ಸೇರುತ್ತವೆ. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆ ಮರ ಕಡೆಯಲು ಸೊಗಸು. ಪೆಟ್ಟಿನ ಕೆಲಸಕ್ಕೆ ಅದು ಮೆದು.

ಮರದ ಹೆಸರು ಗೊತ್ತಾಗದಿದ್ದರೆ ಮೂರು ಪರೀಕ್ಷೆಗಳು ಸಾಕು. ಒಂದೇ ಗಾತ್ರದ ಎರಡು ತುಂಡುಗಳಲ್ಲಿ ಕೈಗೆ ಭಾರವೆನಿಸಿದ್ದು ತಲೆಗೆ. ಹೆಬ್ಬೆರಳ ಉಗುರನ್ನು ಒತ್ತಿದಾಗ ಗೆರೆ ಮೂಡದಿದ್ದರೆ ಮರ ಗಟ್ಟಿ. ಗೆಣ್ಣಿನಿಂದ ತಟ್ಟಿದಾಗ ಠಣ್‌ ಎಂದು ಮೊಳಗಿದರೆ ಒಳಗೆ ಸೀಳಿಲ್ಲ, ಒಣಗಿದೆ. ದಬ್‌ ಎಂದು ಮಂಕಾಗಿ ನುಡಿದರೆ ಒಳಗೆ ಬಿರುಕೋ ಕೊಳೆಯೋ ಇದೆ.

ತುಂಡಿನಲ್ಲಿ ಹೊರಗಿನ ತಿಳಿಬಣ್ಣದ ಭಾಗವನ್ನು ಬಿಟ್ಟು ಕಡುಬಣ್ಣದ ಚೇಗನ್ನು ಆರಿಸಬೇಕು. ಕುಟ್ಟೆಹುಳು ಮೊದಲು ಮೇಯುವುದು ತಿಳಿಬಣ್ಣದ ಭಾಗವನ್ನೇ. ಸೂಜಿ ತೂತುಗಳಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಹುಳು ಇನ್ನೂ ಒಳಗಿದೆ. ಆ ಮರವನ್ನು ಉಪಕರಣಗಳ ಬಳಿ ಇಡಲೇಬಾರದು. ಗೆದ್ದಲು ಮೇಯ್ದ ತುಂಡು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಟೊಳ್ಳಾಗಿರಬಹುದು. ತುದಿಯಿಂದ ಒಂದಿಂಚು ಕೊಯ್ದು ನೋಡಿದರೆ ತಿಳಿಯುತ್ತದೆ. ತಲೆಯಲ್ಲಿ ಸಣ್ಣ ಗಂಟು ಇದ್ದರೆ ತೊಂದರೆಯಿಲ್ಲ. ಕಾವಿನಲ್ಲಿ ಒಂದೂ ಇರಬಾರದು.

ಶುಚಿ ಮಾಡುವುದು, ಒಣಗು ನೋಡುವುದು

ಹಳೆಯ ಮರದ ದೊಡ್ಡ ಅಪಾಯ ಮೊಳೆ. ತಲೆ ಮುರಿದು ಒಳಗೇ ಉಳಿದ ಒಂದು ಮೊಳೆ ಗರಗಸದ ಹಲ್ಲನ್ನೂ ಮರ ನಯಮಾಡುವ ತೋಪಡದ ಅಲಗನ್ನೂ ಒಂದೇ ಎಳೆತದಲ್ಲಿ ಕೆಡಿಸಬಲ್ಲದು. ತಂತಿಯ ಬುರುಸಿನಿಂದ ಮಣ್ಣು ಉಜ್ಜಿ ತೆಗೆದ ಮೇಲೆ, ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಮರದ ಮೇಲೆ ಆಡಿಸಿದರೆ ಮೊಳೆಯಿರುವ ಕಡೆ ಅದು ವಾಲುತ್ತದೆ. ತುಕ್ಕು ಹಿಡಿದ ಮೊಳೆಯ ಸುತ್ತ ಮರ ಕಪ್ಪಾಗಿರುವುದೂ ಒಂದು ಗುರುತು.

ಹಳೆಯ ಬಾಗಿಲು, ಕಿಟಕಿಗಳ ಬಣ್ಣದಲ್ಲಿ ಸೀಸವಿರುವ ಸಾಧ್ಯತೆ ಹೆಚ್ಚು. ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ ಭಾರತದಲ್ಲಿ ರೂಪುಗೊಂಡದ್ದು 2016ರಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿದರೆ ವಿಷದ ಧೂಳು ಮನೆಯೆಲ್ಲ ಹರಡುತ್ತದೆ. ಬೆಂಕಿಯಿಂದ ಸುಟ್ಟರೆ ವಿಷದ ಹೊಗೆ ಏಳುತ್ತದೆ. ಬಣ್ಣವಿರುವ ಪದರವನ್ನು ಗರಗಸದಿಂದ ಹೋಳಾಗಿ ಕೊಯ್ದು ತೆಗೆಯುವುದು, ಇಲ್ಲವೇ ನೀರು ಚಿಮುಕಿಸಿ ಹೆರೆಯುವುದು ಸುರಕ್ಷಿತ. ಮುಖಕ್ಕೆ ಎನ್‌95 ಮಾಸ್ಕ್‌ ಇರಬೇಕು. ಮಕ್ಕಳು ಹತ್ತಿರ ಸುಳಿಯಬಾರದು.

ತುಂಡು ಒಣಗಿದೆಯೇ ಎಂದು ತಿಳಿಯಲು ಅಡುಗೆಮನೆಯ ತಕ್ಕಡಿ ಸಾಕು. ತೂಕವನ್ನು ಮರದ ಮೇಲೆಯೇ ಬರೆದು, ವಾರಕ್ಕೊಮ್ಮೆ ತೂಗಬೇಕು. ಮೂರು ವಾರ ತೂಕ ಇಳಿಯದಿದ್ದರೆ ಮರ ಆ ಊರಿನ ಹವೆಗೆ ಒಗ್ಗಿದೆ ಎಂದರ್ಥ. ಈ ಒಗ್ಗುವಿಕೆ ಊರಿಂದೂರಿಗೆ ಬೇರೆ. ಕಲಬುರಗಿಯ ಬೇಸಿಗೆಯಲ್ಲಿ ಒಣಗಿ ಗರಿಯಾದ ಮರ ಮಂಗಳೂರಿನ ಮಳೆಗಾಲದಲ್ಲಿ ತೇವ ಹೀರಿ ಹಿಗ್ಗುತ್ತದೆ. ಮಂಗಳೂರಿನದು ಕಲಬುರಗಿಗೆ ಬಂದರೆ ಕುಗ್ಗುತ್ತದೆ. ಹಾಗಾಗಿ ಬೇರೆ ಸೀಮೆಯಿಂದ ತಂದ ಮರವನ್ನು ಕೆಲಸ ಮಾಡುವ ಕೋಣೆಯಲ್ಲೇ ಕೆಲವು ವಾರ ಇಟ್ಟಿರಬೇಕು. ಹಸಿ ತುಂಡಾದರೆ ಎರಡೂ ತುದಿಗೆ ಕರಗಿಸಿದ ಮೇಣವನ್ನೋ ದಪ್ಪ ಬಣ್ಣವನ್ನೋ ಬಳಿದು ನೆರಳಲ್ಲಿಡಬೇಕು. ತೇವ ತುದಿಯಿಂದಲೇ ಬೇಗ ಹೊರಡುವುದರಿಂದ ಬಳಿಯದ ತುದಿ ನಕ್ಷತ್ರದಂತೆ ಬಿರಿಯುತ್ತದೆ.

ಅಳತೆ ಮತ್ತು ತೂಕ

ಮನೆಯ ಸಾಮಾನ್ಯ ಮರಗೆಲಸಕ್ಕೆ ಹೊಂದುವ ಚೌಕ ತಲೆಯ ಕೊಡತಿಯ ಅಳತೆ ಹೀಗಿದೆ: ತಲೆಯ ಉದ್ದ 150 ಮಿ.ಮೀ., ಎತ್ತರ 85 ಮಿ.ಮೀ., ದಪ್ಪ 65 ಮಿ.ಮೀ. ಕಾವಿನ ಒಟ್ಟು ಉದ್ದ 330 ಮಿ.ಮೀ.; ಅದರಲ್ಲಿ 85 ಮಿ.ಮೀ. ತಲೆಯೊಳಗೆ, 15 ಮಿ.ಮೀ. ತಲೆಯ ಮೇಲೆ, ಉಳಿದ 230 ಮಿ.ಮೀ. ಕೈಗೆ.

ಮುಂದೆ ಹೇಳುವ ಓರೆಗಳನ್ನು ಕೊಯ್ದ ಮೇಲೆ ಈ ತಲೆಯ ಗಾತ್ರ ಸುಮಾರು 800 ಘನ ಸೆಂ.ಮೀ. ಉಳಿಯುತ್ತದೆ. ಘನ ಸೆಂ.ಮೀ.ಗೆ ಸುಮಾರು 0.9 ಗ್ರಾಂ ತೂಗುವ ಹುಣಸೆಯಲ್ಲಿ ಅದು 720 ಗ್ರಾಂ, 0.65 ಗ್ರಾಂ ತೂಗುವ ತೇಗದಲ್ಲಿ 520 ಗ್ರಾಂ, 0.5 ಗ್ರಾಂ ತೂಗುವ ಪೈನ್‌ ಪ್ಯಾಲೆಟ್‌ ಮರದಲ್ಲಿ 400 ಗ್ರಾಂ ಆಗುತ್ತದೆ. ಕೆತ್ತನೆಗೆ 300ರಿಂದ 450 ಗ್ರಾಂ, ಸಾಮಾನ್ಯ ಕೆಲಸಕ್ಕೆ 500ರಿಂದ 750 ಗ್ರಾಂ, ಬಾಗಿಲುವಾಡದ ದೊಡ್ಡ ತೂತುಗಳಿಗೆ ಅದಕ್ಕೂ ಹೆಚ್ಚು ತೂಕದ ತಲೆ ಒಪ್ಪುತ್ತದೆ. ಕೈಗೆ ಮೀರಿದ ಭಾರ ಬೇಗ ದಣಿಸುತ್ತದೆ. ದಣಿದ ಕೈ ಗುರಿ ತಪ್ಪುತ್ತದೆ.

ಎಳೆಯ ದಿಕ್ಕು ತಪ್ಪಿದರೆ ಎಂಥ ಗಟ್ಟಿ ಮರವೂ ನಿಲ್ಲುವುದಿಲ್ಲ. ತಲೆಯಲ್ಲಿ ಎಳೆ 150 ಮಿ.ಮೀ. ಉದ್ದದ ಗುಂಟ ಹರಿಯಬೇಕು. ಆಗ ಹೊಡೆಯುವ ಎರಡೂ ಮುಖಗಳು ಅಡ್ಡಕೊಯ್ತದ ತುದಿಗಳಾಗುತ್ತವೆ. ಸಾವಿರಾರು ಎಳೆಗಳು ನಿಂತ ಕಂಬಗಳಂತೆ ಪೆಟ್ಟನ್ನು ತಾಳುತ್ತವೆ. ಕಾವಿನಲ್ಲಿ ಎಳೆ ಮೇಲಿಂದ ಕೆಳಗಿನವರೆಗೆ ಕಡಿಯದೆ ಬರಬೇಕು. ಎಳೆ ಓರೆಯಾಗಿ ಬದಿಗೆ ಹೊರಬಿದ್ದರೆ ಕಾವು ಅಲ್ಲೇ ಮುರಿಯುತ್ತದೆ.

ತಲೆಯ ಕೆಲಸ

ಬೇಕಾಗುವ ಸಾಮಾನು: ಗರಗಸ, ತೋಪಡ (ಕೆಲವೆಡೆ ಹತ್ತರಿ, ಉಜ್ಜುಗೊರಡು), ಮೂಲೆಮಟ್ಟ, ಕೋನ ಇಟ್ಟು ಗೆರೆ ಹಾಕುವ ಮಟ್ಟ, 12 ಮತ್ತು 20 ಮಿ.ಮೀ. ಉಳಿ, ಡ್ರಿಲ್‌ ಅಥವಾ ಬೈರಿಗೆ, ಒರಟು ಅರ, ಉಪ್ಪುಕಾಗದ, ಎರಡು ಕ್ಲಾಂಪ್‌. ಮೊದಲ ಕೊಡತಿ ಮಾಡುವಾಗ ಉಳಿಗೆ ಹೊಡೆಯಲು ಯಾವುದಾದರೂ ಗಟ್ಟಿ ಮರದ ತುಂಡು ಸಾಕು.

ಮೊದಲು ತುಂಡಿನ ಒಂದು ಮುಖವನ್ನು ತೋಪಡದಿಂದ ಮಟ್ಟ ಮಾಡಬೇಕು. ಅದಕ್ಕೆ ಹೊಂದಿದ ಪಕ್ಕವನ್ನು ಮೂಲೆಮಟ್ಟಕ್ಕೆ ಸರಿಯಾಗಿ ತರಬೇಕು. ಮುಂದಿನ ಎಲ್ಲ ಗೆರೆಗಳನ್ನೂ ಈ ಎರಡು ಮುಖಗಳಿಂದಲೇ ಎಳೆಯಬೇಕು. ಹುಣಸೆಯ ಹೆಣೆದ ಎಳೆ ತೋಪಡಕ್ಕೆ ಕಿತ್ತು ಬರುತ್ತದೆ. ಅಲಗನ್ನು ಹೊಸದಾಗಿ ಸಾಣೆ ಹಿಡಿದು, ಬಹಳ ತೆಳುವಾಗಿ ಇಳಿಸಿ, ಓರೆಯಾಗಿ ತಳ್ಳಿದರೆ ನಯವಾಗುತ್ತದೆ. ಈ ಹಂತದಲ್ಲಿ ತಲೆಯನ್ನು 160 ಮಿ.ಮೀ. ಉದ್ದವೇ ಇಟ್ಟುಕೊಂಡು, ತುದಿಗಳನ್ನು ಕೊನೆಗೆ ಕೊಯ್ಯಬೇಕು. ತೂತು ಹೊಡೆಯುವಾಗ ತುದಿ ಸೀಳಿದರೂ ಆಗ ನಷ್ಟವಿಲ್ಲ.

ಕಾವಿನ ತೂತು ತಲೆಯ ನಟ್ಟನಡುವೆ ಮೇಲಿಂದ ಕೆಳಗೆ ಹಾಯುತ್ತದೆ. ಅದರ ಅಗಲ ತಲೆಯ ದಪ್ಪದ ಮೂರನೇ ಒಂದಕ್ಕೆ ಹತ್ತಿರ, ಅಂದರೆ 24 ಮಿ.ಮೀ.; ಎರಡೂ ಪಕ್ಕದಲ್ಲಿ 20 ಮಿ.ಮೀ.ನಷ್ಟು ಗಟ್ಟಿ ಗೋಡೆ ಉಳಿಯುತ್ತದೆ. ತೂತಿನ ಉದ್ದ ಮೇಲೆ 36 ಮಿ.ಮೀ., ಕೆಳಗೆ 30 ಮಿ.ಮೀ. ಮೇಲೆ ಅಗಲ, ಕೆಳಗೆ ಕಿರಿದಾದ ಈ ಓರೆಯೇ ಕೊಡತಿಯ ಜೀವಾಳ. ಮೇಲಿನಿಂದ ತೂರಿಸಿದ ಕಾವು ಕೆಳಗೆ ಜಾರಿ ಸಿಕ್ಕಿಕೊಳ್ಳುತ್ತದೆ. ಬೀಸಿದಾಗಲೆಲ್ಲ ತಲೆ ಹೊರಗೆ ಹಾರಲು ಎಳೆದು, ಕಾವಿನ ಅಗಲ ಭಾಗಕ್ಕೆ ಮತ್ತಷ್ಟು ಬಿಗಿಯಾಗುತ್ತದೆ. ಇದಕ್ಕೆ ಗೋಂದೂ ಬೇಡ, ಬೆಣೆಯೂ ಬೇಡ.

ಗೆರೆಗಳನ್ನು ಪೆನ್ಸಿಲಿಗಿಂತ ಚೂರಿಯ ಮೊನೆಯಿಂದ ಎಳೆದರೆ ಉಳಿ ಕೂರಲು ಸಣ್ಣ ಕಾಲುವೆ ಸಿಗುತ್ತದೆ. ಗೆರೆ ತಲೆಯ ಮೇಲೆ, ಕೆಳಗೆ ಎರಡೂ ಕಡೆ ಇರಬೇಕು. ಪಕ್ಕದ ಮುಖದ ಮೇಲೂ ಓರೆಯ ಗೆರೆ ಹಾಕಿಕೊಂಡರೆ ಉಳಿಯ ವಾಲು ಕಣ್ಣಿಗೆ ಕಾಣುತ್ತದೆ. ಗೆರೆಯೊಳಗೆ 18 ಮಿ.ಮೀ. ಬಿಟ್‌ನಿಂದ ಒತ್ತೊತ್ತಾಗಿ ತೂತು ಕೊರೆಯಬೇಕು. ಮೇಲಿಂದ ಅರ್ಧ, ಕೆಳಗಿನಿಂದ ಅರ್ಧ ಕೊರೆದರೆ ಹೊರಬೀಳುವ ಕಡೆ ಮರ ಸಿಬಿರೇಳುವುದಿಲ್ಲ. ಉಳಿದ ಮರವನ್ನು ಉಳಿಯಿಂದ ತೆಳುವಾಗಿ ಬಿಡಿಸುತ್ತಾ ಎರಡೂ ಕಡೆಯಿಂದ ನಡುವಿಗೆ ಬರಬೇಕು. ಗೆರೆಯಿಂದ ಒಂದು ಮಿ.ಮೀ. ಒಳಗೇ ನಿಲ್ಲಿಸಿ, ಕೊನೆಯ ಪದರವನ್ನು ಪೆಟ್ಟಿಲ್ಲದೆ ಕೈಯೊತ್ತಿನಿಂದಲೇ ಹೆರೆಯಬೇಕು. ತೂತಿನ ಗೋಡೆ ನಡುವೆ ಉಬ್ಬಿದ್ದರೆ ಕಾವು ಅಲ್ಲೊಂದು ಕಡೆ ಮಾತ್ರ ತಾಗಿ ಅಲ್ಲಾಡುತ್ತದೆ. ಉಕ್ಕಿನ ಅಳತೆಪಟ್ಟಿಯನ್ನು ಒಳಗಿಟ್ಟು ನೋಡಿ ಉಬ್ಬನ್ನು ತೆಗೆಯಬೇಕು.

ತೂತು ಮುಗಿದ ಮೇಲೆ ಹೊಡೆಯುವ ಮುಖಗಳ ಸರದಿ. ಕೊಡತಿ ಕೈಯ ಸುತ್ತ ಬಿಲ್ಲಿನಂತೆ ಬಾಗಿ ಬರುತ್ತದೆ. ಮುಖ ನೇರವಾಗಿದ್ದರೆ ಉಳಿಗೆ ಮೊದಲು ತಾಗುವುದು ಕೆಳಗಿನ ಅಂಚು. ಆದ್ದರಿಂದ ಎರಡೂ ಮುಖಗಳನ್ನು ಕಾವಿನ ಕಡೆಗೆ ಸುಮಾರು 4 ಡಿಗ್ರಿ ಓರೆಯಾಗಿ ಕೊಯ್ಯಬೇಕು: ತಲೆ ಮೇಲೆ 150 ಮಿ.ಮೀ. ಇದ್ದರೆ ಕೆಳಗೆ 138 ಮಿ.ಮೀ. ಆಗುತ್ತದೆ. ಬಳಿಕ ಎಲ್ಲ ಅಂಚುಗಳನ್ನೂ 4ರಿಂದ 5 ಮಿ.ಮೀ. ಓರೆಯಾಗಿ ಹೆರೆಯುವುದು ಅಂದಕ್ಕಷ್ಟೇ ಅಲ್ಲ. ಚೂಪಾಗಿ ಬಿಟ್ಟ ಅಂಚೇ ಮೊದಲ ಪೆಟ್ಟಿಗೆ ಸಿಡಿಯುವುದು.

ಕಾವಿನ ಕೆಲಸ

ಕಾವಿಗೆ 350 ಮಿ.ಮೀ. ಉದ್ದ, 42 ಮಿ.ಮೀ. ಅಗಲ, 25 ಮಿ.ಮೀ. ದಪ್ಪದ ಪಟ್ಟಿ ಬೇಕು. ದಪ್ಪವನ್ನು ತೂತಿಗೆ ಸರಿಯಾಗಿ ಜಾರುವಂತೆ ತೋಪಡದಿಂದ ಇಳಿಸಬೇಕು. ನಂತರ ತಲೆಯನ್ನೇ ಪಟ್ಟಿಯ ಮೇಲಿಟ್ಟು ತೂತಿನ ಓರೆಯನ್ನು ಅದರ ಮೇಲೆ ಎತ್ತಿಕೊಳ್ಳಬೇಕು. ಅಳತೆಪಟ್ಟಿಯ ಲೆಕ್ಕಕ್ಕಿಂತ ನಿಜವಾಗಿ ಕೊರೆದ ತೂತಿನ ಆಕಾರವೇ ಪ್ರಮಾಣ. ಗೆರೆಯ ಹೊರಗೆ ಕೊಯ್ದು, ಮೇಲಿನಿಂದ ತೂರಿಸಿ, ಎಲ್ಲಿ ಉಜ್ಜಿ ಹೊಳೆಯುತ್ತದೋ ಅಲ್ಲಿ ಮಾತ್ರ ಒಂದೊಂದು ಪದರ ತೆಗೆಯಬೇಕು. ಕೈಯಿಂದ ಒತ್ತಿದಾಗ ಕಾವು ಮೇಲೆ 20 ಮಿ.ಮೀ. ಉಳಿಯುವಂತೆ ನಿಂತರೆ, ಪೆಟ್ಟಿಗೆ ಇನ್ನು 5 ಮಿ.ಮೀ. ಇಳಿದು ಬಿಗಿಯುತ್ತದೆ.

ಹಿಡಿಯುವ ಭಾಗದ ಅಡ್ಡನೋಟ ಪೂರ್ತಿ ಗುಂಡಾಗಿರದೆ ಮೊಟ್ಟೆಯಂತೆ ಚಪ್ಪಟೆಯಾಗಿರಬೇಕು. ಆಗ ಕೊಡತಿಯ ಮುಖ ಎತ್ತ ಇದೆಯೆಂದು ನೋಡದೆಯೇ ಅಂಗೈಗೆ ತಿಳಿಯುತ್ತದೆ. ಈ ಭಾಗವನ್ನು ಒರಟು ಅರದಿಂದ ರೂಪಿಸಿ, 80, 120, 180ರ ಉಪ್ಪುಕಾಗದದಿಂದ ಕ್ರಮವಾಗಿ ಉಜ್ಜಬೇಕು. ತಲೆಯೊಳಗೆ ಹೋಗುವ ಭಾಗವನ್ನು ಉಪ್ಪುಕಾಗದದಿಂದ ಮುಟ್ಟಬಾರದು. ಮೂಲೆ ದುಂಡಾದರೆ ಬಿಗಿ ಹೋಗುತ್ತದೆ.

ದಪ್ಪ ಮರ ಸಿಗದಿದ್ದರೆ: ಮೂರು ಪದರದ ತಲೆ

ತೆಳು ಹಲಗೆ, ಪ್ಯಾಲೆಟ್‌ ಪಟ್ಟಿಗಳನ್ನು ಅಂಟಿಸಿಯೂ ತಲೆ ಮಾಡಬಹುದು. ಇದರಲ್ಲಿ ತೂತು ಕೊರೆಯುವ ಕಷ್ಟವೇ ಇಲ್ಲ. ಹೊರಗೆ 20 ಮಿ.ಮೀ. ದಪ್ಪದ ಎರಡು ಹಲಗೆ, ನಡುವೆ 24 ಮಿ.ಮೀ. ದಪ್ಪದ್ದೊಂದು. ನಡುವಿನ ಹಲಗೆಯನ್ನು ಎರಡು ತುಂಡಾಗಿ ಕೊಯ್ದು, ಎದುರುಬದುರಾದ ಅಂಚುಗಳಿಗೆ ಕಾವಿನ ಓರೆ ಕೊಟ್ಟು, ಮೇಲೆ 36, ಕೆಳಗೆ 30 ಮಿ.ಮೀ. ಸಂದಿ ಬಿಟ್ಟು ಅಂಟಿಸಿದರೆ ಆ ಸಂದಿಯೇ ತೂತು. ಮೊದಲೇ ಮಾಡಿಟ್ಟ ಕಾವಿಗೆ ಮೇಣ ಸವರಿ ನಡುವೆ ಇಟ್ಟುಕೊಂಡು ಅಂಟಿಸಿದರೆ ಅಳತೆ ತಪ್ಪುವುದಿಲ್ಲ. ಗೋಂದು ಹಸಿಯಿರುವಾಗಲೇ ಕಾವನ್ನು ತಟ್ಟಿ ತೆಗೆಯಬೇಕು. ಮೂರೂ ಪದರಗಳ ಎಳೆ ಒಂದೇ ದಿಕ್ಕಿಗಿರಬೇಕು.

ಫೆವಿಕಾಲ್‌ನಂತಹ ಬಿಳಿ ಗೋಂದು ಇದಕ್ಕೆ ಸಾಕು. ಕರಾವಳಿಯ ತೇವಕ್ಕೆ ನೀರು ತಡೆಯುವ ಬಗೆ ಮೇಲು. ಹಳೆಯ ಮರದ ಮೇಲ್ಮೈಗೆ ಗೋಂದು ಹಿಡಿಯುವುದಿಲ್ಲ. ಅಂಟಿಸುವ ದಿನವೇ ತೋಪಡ ಹೊಡೆದು ಹೊಸ ಮುಖ ತರಬೇಕು. ಎಣ್ಣೆಯಂಶವಿರುವ ತೇಗವನ್ನು ಥಿನ್ನರ್‌ ಬಟ್ಟೆಯಿಂದ ಒರೆಸಿ ಆರಲು ಬಿಡಬೇಕು. ಕ್ಲಾಂಪ್‌ ಒಂದು ದಿನ ಪೂರ್ತಿ ಬಿಗಿದಿರಲಿ.

ಹಗುರ ಮರದ ತಲೆಗೆ ತೂಕ ಸೇರಿಸಲು ಕಟ್ಟಡ ಕೆಲಸದಲ್ಲಿ ಉಳಿದ ಕಬ್ಬಿಣದ ಸರಳು ಉಪಯೋಗಕ್ಕೆ ಬರುತ್ತದೆ. 20 ಮಿ.ಮೀ. ಸರಳು ಮೀಟರಿಗೆ ಸುಮಾರು 2.47 ಕೆ.ಜಿ. ತೂಗುತ್ತದೆ, ಅದರ 24 ಮಿ.ಮೀ. ತುಂಡು 59 ಗ್ರಾಂ. ನಡುವಿನ ಪದರದಲ್ಲಿ ಕಾವಿನ ಎರಡೂ ಬದಿಗೆ ಎರಡೆರಡು ತೂತು ಕೊರೆದು, ಪದರಕ್ಕಿಂತ ಮೇಲೆ ಏಳದಂತೆ ತುಂಡುಗಳನ್ನು ಕೂರಿಸಿ, ಎಪಾಕ್ಸಿ ತುಂಬಿ, ಹೊರಹಲಗೆ ಅಂಟಿಸಿದರೆ ತಲೆ ಸುಮಾರು 200 ಗ್ರಾಂ ಭಾರವಾಗುತ್ತದೆ. ತೂತುಗಳು ಹೊಡೆಯುವ ಮುಖದಿಂದ ಕನಿಷ್ಠ 20 ಮಿ.ಮೀ. ಒಳಗಿರಬೇಕು. ಇದಕ್ಕೆ ಸೀಸವನ್ನು ಬಳಸುವುದು ಆರೋಗ್ಯಕ್ಕೆ ಹಾನಿ.

ಒಂದೇ ತುಂಡಿನ ಗುಂಡು ಕೊಡತಿ

ಕೆತ್ತನೆಗೆ ಬೇಕಾದ ಗುಂಡು ಕೊಡತಿಯನ್ನು ಒಂದೇ ಕೊಂಬೆಯಿಂದ ತೆಗೆಯಬಹುದು. 90 ಮಿ.ಮೀ. ಅಡ್ಡಳತೆಯ, 280 ಮಿ.ಮೀ. ಉದ್ದದ ಒಣಗಿದ ಹುಣಸೆ ಅಥವಾ ಸೀಬೆ ತುಂಡಿನಲ್ಲಿ ಒಂದು ತುದಿಯಿಂದ 120 ಮಿ.ಮೀ. ದೂರಕ್ಕೆ ಸುತ್ತಲೂ ಗೆರೆ ಹಾಕಬೇಕು. ಆ ಗೆರೆಯ ಮೇಲೆ ಸುತ್ತಲೂ 27 ಮಿ.ಮೀ. ಆಳಕ್ಕೆ ಗರಗಸ ಇಳಿಸಿದರೆ ನಡುವೆ 36 ಮಿ.ಮೀ. ಉಳಿಯುತ್ತದೆ. ಬಳಿಕ ಕಾವಿನ ಕಡೆಯ ತುದಿಯಿಂದ ಉಳಿಯಿಟ್ಟು ಗೆರೆಯವರೆಗೆ ಸಣ್ಣ ಸಣ್ಣ ಹೋಳು ಸೀಳಬೇಕು. ಹುಣಸೆಯಂತೆ ಎಳೆ ಹೆಣೆದ ಮರದಲ್ಲಿ ಸೀಳು ಒಳನುಗ್ಗಬಹುದು. ಅಲ್ಲಿ ಗರಗಸದಿಂದ ಹಲವು ಅಡ್ಡಗೀರು ಹಾಕಿ ಬಾಚಿಯಿಂದ ಸವರುವುದು ಕ್ಷೇಮ. ಈ ಕೊಡತಿಯಲ್ಲಿ ಪೆಟ್ಟು ಬೀಳುವುದು ಎಳೆಯ ಪಕ್ಕಕ್ಕೆ. ಹಾಗಾಗಿ ಬೇಗ ಸವೆಯುತ್ತದೆ. ಕೈಯಲ್ಲಿ ಆಗಾಗ ತಿರುಗಿಸುತ್ತಾ ಹೊಡೆದರೆ ಸುತ್ತಲೂ ಸಮನಾಗಿ ಸವೆದು ಬಹುಕಾಲ ಬರುತ್ತದೆ.

ಎಣ್ಣೆ ಕುಡಿಸುವುದು

ಕೊಡತಿಗೆ ವಾರ್ನಿಷ್‌ ಬೇಡ. ಹೊಳಪಿನ ಪದರ ಕೈಯಲ್ಲಿ ಜಾರುತ್ತದೆ, ಪೆಟ್ಟಿಗೆ ಸಿಪ್ಪೆಯೇಳುತ್ತದೆ. ಅಗಸೆ ಎಣ್ಣೆ ಗಾಳಿಯೊಡನೆ ಬೆರೆತು ಮರದೊಳಗೇ ಗಟ್ಟಿಯಾಗುತ್ತದೆ. ಉತ್ತರ ಕರ್ನಾಟಕದಲ್ಲಿ ಅಡುಗೆಗೆ ಸಿಗುವ ಹಸಿ ಅಗಸಿ ಎಣ್ಣೆ ಆರಲು ಬಹಳ ದಿನ ಹಿಡಿಯುತ್ತದೆ. ಬಣ್ಣದಂಗಡಿಯ ‘ಡಬಲ್‌ ಬಾಯಿಲ್ಡ್‌’ ಎಣ್ಣೆ ಬೇಗ ಆರುತ್ತದೆ. ತೆಳುವಾಗಿ ಹಚ್ಚಿ, ಅರ್ಧ ಗಂಟೆಯ ಮೇಲೆ ಉಳಿದದ್ದನ್ನು ಒರೆಸಿ, ದಿನ ಬಿಟ್ಟು ದಿನ ಮೂರು ಸಲ ಹೀಗೆ ಮಾಡಬೇಕು. ತುದಿಮುಖಗಳು ಹೆಚ್ಚು ಕುಡಿಯುತ್ತವೆ. ಕೊಬ್ಬರಿ, ಶೇಂಗಾ ಎಣ್ಣೆ ಆರುವುದೇ ಇಲ್ಲ. ಧೂಳು ಹಿಡಿದು ಅಂಟಂಟಾಗುತ್ತವೆ. ಕಾವು ಮತ್ತು ತೂತು ತಾಗುವ ಜಾಗಕ್ಕೆ ಎಣ್ಣೆ ಬೇಡ, ಒಣಗಿಯೇ ಇರಲಿ.

ಅಗಸೆ ಎಣ್ಣೆಯಲ್ಲಿ ತೊಯ್ದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಅದು ಆರುವಾಗ ಹುಟ್ಟುವ ಬಿಸಿ ಒಳಗೇ ಕೂಡಿ ತಾನಾಗಿ ಹೊತ್ತಿಕೊಳ್ಳಬಹುದು. ಬಟ್ಟೆಯನ್ನು ಬಯಲಲ್ಲಿ ಹರಡಿ ಒಣಗಿಸಿ, ಗರಿಗರಿಯಾದ ಮೇಲೆ ಎಸೆಯಬೇಕು.

ಬಳಕೆ ಮತ್ತು ದುರಸ್ತಿ

ಹೊಸ ಕೊಡತಿಯಿಂದ ಮೊದಲ ದಿನ ಮೆಲುಪೆಟ್ಟು ಹೊಡೆದರೆ ಮುಖದ ಎಳೆಗಳು ಒತ್ತಿಕೊಂಡು ಗಟ್ಟಿಯಾಗುತ್ತವೆ. ಕಬ್ಬಿಣದ ಮೊಳೆಗೆ ಇದರಿಂದ ಹೊಡೆಯಬಾರದು. ಬಿಸಿಲಲ್ಲಿ, ಒಲೆಯ ಬಳಿ, ಒದ್ದೆ ನೆಲದ ಮೇಲೆ ಇಡಬಾರದು.

ಬೇಸಿಗೆಯಲ್ಲಿ ಕಾವು ಕುಗ್ಗಿ ತಲೆ ಸಡಿಲವಾದರೆ ಕಾವಿನ ಮೇಲ್ತುದಿಗೆ ಮರದ ತುಂಡಿನಿಂದ ಎರಡು ಪೆಟ್ಟು ಕೊಟ್ಟರೆ ಸಾಕು. ಮಾಮೂಲಿ ಸುತ್ತಿಗೆಯಂತೆ ಕಾವಿನ ಕೆಳತುದಿಯನ್ನು ನೆಲಕ್ಕೆ ಕುಟ್ಟಿದರೆ ಈ ಕೊಡತಿ ಬಿಗಿಯುವ ಬದಲು ಕಳಚಿಕೊಳ್ಳುತ್ತದೆ. ಸಡಿಲವಾದ ತಲೆಯನ್ನು ನೀರಲ್ಲಿ ನೆನೆಸುವ ಅಭ್ಯಾಸವೂ ಕೆಟ್ಟದ್ದು. ಹಿಗ್ಗಿದ ಮರ ತೂತಿನ ಗೋಡೆಗೆ ಒತ್ತಿ ತನ್ನ ಎಳೆಗಳನ್ನೇ ನುಜ್ಜಿಕೊಳ್ಳುತ್ತದೆ. ಒಣಗಿದ ಮೇಲೆ ಮೊದಲಿಗಿಂತ ಹೆಚ್ಚು ಸಡಿಲವಾಗುತ್ತದೆ.

ಮುಖದಲ್ಲಿ ಕೂದಲಿನಷ್ಟು ಸಣ್ಣ ಬಿರುಕು ಕಂಡರೆ ತೆಳುವಾದ ಎಪಾಕ್ಸಿಯನ್ನು ಇಳಿಸಿ ಕ್ಲಾಂಪ್‌ ಹಾಕಬಹುದು. ಮುಖ ಹೊಂಡಬಿದ್ದರೆ ಅದೇ ಓರೆಯಲ್ಲಿ ಎರಡು ಮೂರು ಮಿ.ಮೀ. ಕೊಯ್ದು, ಅಂಚನ್ನು ಮತ್ತೆ ಹೆರೆದರೆ ಹೊಸದಾಗುತ್ತದೆ, 150 ಮಿ.ಮೀ. ತಲೆಗೆ ಇಂಥ ಹಲವು ಕೊಯ್ತಗಳ ಆಯುಷ್ಯವಿದೆ. ಬಿರುಕು ತೂತಿನಿಂದ ಮುಖದವರೆಗೆ ಹಾದಿದ್ದರೆ ಆ ತಲೆಯನ್ನು ಬಳಸಬಾರದು, ಬೀಸುವಾಗ ಹೋಳಾಗಿ ಹಾರಬಹುದು. ಆಗ ಕಾವನ್ನು ತಟ್ಟಿ ತೆಗೆದು, ಅದನ್ನೇ ಅಳತೆಯಾಗಿಟ್ಟುಕೊಂಡು ಇನ್ನೊಂದು ಹಳೆಯ ತುಂಡಿನಲ್ಲಿ ಹೊಸ ತಲೆ ಕೊರೆಯಬಹುದು.